ಬಿಸಿಲಿಗೆ ಬಣ್ಣ ಬಿಟ್ಟ ಹರಳು

"ಮೊದಲು ಆ ಸ್ಟೂಲನ್ನ ನೆಟ್ಟಗೆ ಇಡಿ. ಮಾತು ಆಮೇಲೆ," ಎಂದರು ಕಲ್ಲತ್ತೆ, ಕೋಣೆಯೊಳಗೆ ಕಾಲಿಡುತ್ತಲೇ.

ಯಾರೂ ಅಲ್ಲಾಡಲಿಲ್ಲ.

ಆಭರಣದಂಗಡಿಯ ಹಿಂಬದಿಯ ಕೆಲಸದ ಕೋಣೆ ಅದು. ಗೋಡೆಗೆ ಒತ್ತಿಕೊಂಡ ಉದ್ದನೆಯ ಮೇಜು. ಅದರ ಮೇಲೆ ಇಕ್ಕಳ, ಅರ, ಮೇಣದ ಉಂಡೆ. ಎಲ್ಲದರ ನಡುವೆ ಮೂರು ಕಾಲುಗಳನ್ನು ಮೇಲಕ್ಕೆತ್ತಿ ಬೋರಲು ಬಿದ್ದಿದ್ದ ಒಂದು ಪುಟ್ಟ ಸ್ಟೂಲು. ಇಪ್ಪತ್ತೊಂಬತ್ತು ವರ್ಷ ಅದರ ಮೇಲೆ ಕೂತು ಹರಳು ಕೂರಿಸಿದ ಮೇಸ್ತ್ರಿ, ಯಾರದೋ ಮನೆಗೆ ವಿಳಾಸ ಕೇಳಲು ಬಂದವರ ಹಾಗೆ ಬಾಗಿಲ ಪಕ್ಕ ನಿಂತಿದ್ದರು.

ಆ ಬೀದಿಯಲ್ಲಿ ಕೆಲಸಗಾರನ ಸ್ಟೂಲು ಬೋರಲಾಯಿತೆಂದರೆ ಅವನಿಗೆ ಆ ಅಂಗಡಿಯಲ್ಲಿ ಕೆಲಸವಿಲ್ಲ ಎಂದರ್ಥ. ಅದರ ಮೇಲೆ ಅಂಗಡಿಗಳ ಸಂಘದ ಫಲಕದಲ್ಲೂ ಹೆಸರು ಬಿತ್ತೆಂದರೆ ಬೀದಿಯ ಯಾವ ಅಂಗಡಿಯ ಬಾಗಿಲೂ ಅವನಿಗೆ ತೆರೆಯುವುದಿಲ್ಲ. ಸಂಘದ ಸಭೆ ಇವತ್ತು ಮಧ್ಯಾಹ್ನ ಎರಡಕ್ಕೆ. ಗೋಡೆ ಗಡಿಯಾರದಲ್ಲಿ ಹನ್ನೊಂದು ಹೊಡೆದು ಐದು ನಿಮಿಷವಾಗಿತ್ತು.

"ಮೇಸ್ತ್ರಿದು ತಪ್ಪಿಲ್ಲ ಅಂತ ತೋರಿಸಿ, ನಾನೇ ನೆಟ್ಟಗೆ ಇಡ್ತೀನಿ," ಎಂದ ಅಂಗಡಿ ಯಜಮಾನರ ತಮ್ಮ. ಜೇಬಿನಿಂದ ಸಂಘಕ್ಕೆ ಬರೆದ ಪತ್ರದ ತುದಿ ಇಣುಕುತ್ತಿತ್ತು. "ಒರೆಸಿ ಇಡ್ತೀನಿ ಬೇಕಾದ್ರೆ."

"ಒರೆಸೋದನ್ನ ಮರೀಬೇಡ ಮತ್ತೆ," ಎಂದು ಕಲ್ಲತ್ತೆ ಕೈಚೀಲವನ್ನು ಮೇಜಿನ ಮೇಲಿಟ್ಟರು.

ನಡೆದದ್ದು ಇಷ್ಟೇ: ಜೋಡಿ ನೀಲಿ ಜಿರ್ಕಾನ್ ಹರಳುಗಳ ಓಲೆಗಳನ್ನು ನಿನ್ನೆ ಸಂಜೆ ಅಂಗಡಿಯ ಪ್ರದರ್ಶನದ ಕಿಟಕಿಯಿಂದ ಹೊರತೆಗೆದಾಗ, ಒಂದು ಓಲೆಯ ಹರಳು ಕಂದು ಬಣ್ಣದ್ದಾಗಿತ್ತು; ಅಸಲಿ ಹರಳನ್ನು ಕದ್ದು ಬೇರೆಯದನ್ನು ಕೂರಿಸಿದ ಆರೋಪ ಮೇಸ್ತ್ರಿಯ ತಲೆಗೆ ಬಂದಿತ್ತು.

ಓಲೆಗಳು ಲೈಬ್ರರಿ ಮೇಡಂ ಅವರವು; ಕಿಟಕಿಯಲ್ಲಿ ತೋರಿಸಲೆಂದು ಅಂಗಡಿಗೆ ಎರವಲು ಕೊಟ್ಟಿದ್ದರು. ಊರಿನ ಗ್ರಂಥಾಲಯದಲ್ಲಿ ಮೂವತ್ತೈದು ವರ್ಷ ಪುಸ್ತಕಗಳನ್ನು ಸಾಲಾಗಿ ನಿಲ್ಲಿಸಿ, ನಿವೃತ್ತರಾದ ಮೇಲೆ ಹರಳುಗಳನ್ನು ಸಾಲಾಗಿ ಮಲಗಿಸುತ್ತಿರುವವರು. ಗ್ರಂಥಾಲಯದ ಹಳೇ ಕಾರ್ಡುಗಳ ಕಪಾಟನ್ನೇ ಕೊಂಡು ತಂದು ಅದರ ಒಂದೊಂದು ಸೆಳೆಖಾನೆಯಲ್ಲೂ ಹರಳು ಇಟ್ಟಿದ್ದಾರೆ. ಪ್ರತಿ ಹರಳಿಗೂ ಒಂದು ಕಾರ್ಡು. ಈಗ ಮೂಲೆಯ ಕುರ್ಚಿಯಲ್ಲಿ ಮಡಿಲ ಮೇಲೊಂದು ಪುಟ್ಟ ಮರದ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದರು.

"ನಾನು ಬೆಳಿಗ್ಗೆಯಿಂದ ಹೇಳ್ತಾನೇ ಇದೀನಿ," ಎಂದರು ಅವರು ಮೆಲ್ಲಗೆ. "ಹೋದ್ರೆ ಹೋಯ್ತು, ಒಂದು ಹರಳು ತಾನೇ. ಇದಕ್ಕೆ ಸಂಘ, ಸಭೆ ಎಲ್ಲ ಯಾಕೆ?"

"ನಿಮ್ಮ ಒಳ್ಳೇತನ ಮೇಡಂ," ಎಂದರು ಯಜಮಾನರು. "ಆದ್ರೆ ಅಂಗಡಿ ಹೆಸರಿನ ಪ್ರಶ್ನೆ."

ಯಜಮಾನರ ಮುಖ ರಾತ್ರಿಯೆಲ್ಲ ನಿದ್ದೆಯಿಲ್ಲದೆ ಕಳೆಗುಂದಿತ್ತು. ಮೇಸ್ತ್ರಿಯ ಕಡೆ ನೋಡುವುದನ್ನು ಅವರು ತಪ್ಪಿಸುತ್ತಿದ್ದರು. ಕಲ್ಲತ್ತೆಗೆ ಫೋನು ಮಾಡಿ ಕರೆಸಿದ್ದೂ ಅವರೇ.

ಕಲ್ಲತ್ತೆ ಹರಳು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕಣ್ಣು ಸವೆಸಿದವರು. ಈಗ ಮನೆ, ಹೂಕುಂಡ, ಇನ್ನು ಮೂರು ತಿಂಗಳಲ್ಲಿ ಬರಲಿರುವ ಮೊಮ್ಮಗುವಿಗೆ ಟೊಪ್ಪಿ ಹೆಣೆಯುವುದು. ನಡುವೆ ಯಾರಾದರೂ ಕರೆದರೆ ಇಂಥ ಕೆಲಸ. ಕೊರಳಿನ ದಾರದಲ್ಲಿ ಮನೆಯ ಬೀಗದ ಕೈ ಮತ್ತು ಬೆರಳುದ್ದದ ಭೂತಗನ್ನಡಿ ಒಟ್ಟಿಗೇ ನೇತಾಡುತ್ತವೆ. ಆತುರದಲ್ಲಿ ಎಷ್ಟೋ ಸಲ ಬೀಗದ ಕೈಯನ್ನೇ ಕಣ್ಣಿಗೆ ಹಿಡಿದಿದ್ದಾರೆ.

"ಅತ್ತೆ, ಇನ್ನೊಂದು," ಎಂದಳು ಜೊತೆಗೆ ಬಂದಿದ್ದ ಸೊಸೆ.

"ಗೊತ್ತು ಗೊತ್ತು." ಕಲ್ಲತ್ತೆ ಬೀಗದ ಕೈ ಬಿಟ್ಟು ಭೂತಗನ್ನಡಿ ಹಿಡಿದರು. "ನೀನು ಮೊದಲು ಬೆನ್ನಿಗೆ ಒರಗು ಸಿಗೋ ಕಡೆ ಕೂತ್ಕೋ. ಆರು ತಿಂಗಳ ಹೊಟ್ಟೆ ಹೊತ್ಕೊಂಡು ನನ್ನನ್ನ ತಿದ್ದೋದಕ್ಕೆ ಬಂದಿದೀಯ."

ಸೊಸೆ ಶಾಲೆಯಲ್ಲಿ ಲೆಕ್ಕ ಕಲಿಸುವವಳು. ಮಕ್ಕಳ ನೋಟ್‌ಬುಕ್ಕೊಂದರ ಕೊನೆಯ ಹಾಳೆ ತೆರೆದು, ಬಾಯಿಗೊಂದು ಬಿಸ್ಕತ್ತು ಹಾಕಿಕೊಂಡು ಪೆನ್ಸಿಲು ಸಿದ್ಧ ಮಾಡಿಕೊಂಡಳು.

"ಮೇಸ್ತ್ರಿ, ಕಂದು ಹರಳನ್ನ ಚಿನ್ನದ ಕಟ್ಟಿನಿಂದ ಬಿಡಿಸಿ ಕೊಡ್ತೀರಾ?"

"ಅವರ ಕೈಗೆ ಯಾಕೆ ಕೊಡ್ತೀರಿ?" ತಮ್ಮ ಒಂದು ಹೆಜ್ಜೆ ಮುಂದೆ ಬಂದ.

"ನೀನು ಬಿಡಿಸ್ತೀಯಾ? ಹಲ್ಲು ಮುರಿಯದ ಹಾಗೆ?"

ತಮ್ಮ ಹಿಂದೆ ಸರಿದ.

ಮೇಸ್ತ್ರಿ ಓಲೆಯನ್ನು ಬಲಗೈಯಲ್ಲಿ ಹಿಡಿದು ಎಡಗೈಯಲ್ಲಿ ಇಕ್ಕಳ ತೆಗೆದುಕೊಂಡರು. ಅವರು ಎಡಚರು. ಇಕ್ಕಳದ ಮೂತಿ ನೇರವಾಗಿ ಹೋಗಿ ಓಲೆಗೆ ತಾಗಿತು. ಹರಳನ್ನು ಹಿಡಿದಿದ್ದ ನಾಲ್ಕು ಚಿನ್ನದ ಹಲ್ಲುಗಳನ್ನು ಅವರು ಎತ್ತುವ ಮೊದಲು ಕಲ್ಲತ್ತೆ ಒಮ್ಮೆ ಬಗ್ಗಿ ನೋಡಿದರು. ನಾಲ್ಕೂ ಹಲ್ಲುಗಳು ಗಾಳಿಗೆ ಮಲಗಿದ ಹುಲ್ಲಿನಂತೆ ಒಂದೇ ಕಡೆಗೆ, ಎಡಕ್ಕೆ ವಾಲಿದ್ದವು.

ಹರಳು ಬಿಳಿ ಕಾಗದದ ಮೇಲೆ ಉರುಳಿತು. ಗೋಲಿಗಿಂತ ಚಿಕ್ಕದು, ಕಡಲೆಗಿಂತ ದೊಡ್ಡದು. ಹಾಲಿಲ್ಲದ ಚಹಾದ ಬಣ್ಣ.

ಕಲ್ಲತ್ತೆ ಅದನ್ನು ತಕ್ಕಡಿಗೆ ಹಾಕಿದರು. "ಆರು ಪಾಯಿಂಟ್ ಒಂದು ಎರಡು ಕ್ಯಾರಟ್. ಮೇಡಂ, ನಿಮ್ಮ ಕಾರ್ಡು ಏನು ಹೇಳುತ್ತೆ?"

ಲೈಬ್ರರಿ ಮೇಡಂ ಪೆಟ್ಟಿಗೆಯಿಂದ ಎರಡು ಕಾರ್ಡು ತೆಗೆದರು. ದುಂಡನೆಯ ಅಕ್ಷರ. ಒಂದರಲ್ಲಿ ಆರು ಪಾಯಿಂಟ್ ಒಂದು ಎರಡು. ಇನ್ನೊಂದರಲ್ಲಿ ಆರು ಪಾಯಿಂಟ್ ಸೊನ್ನೆ ಎಂಟು.

"ತೂಕ ಸರಿಹೋಯ್ತಲ್ಲ," ಎಂದಳು ಸೊಸೆ.

"ಕಳ್ಳನಿಗೆ ತಕ್ಕಡಿ ಇರಲ್ವಾ?" ಎಂದ ತಮ್ಮ. "ಅದೇ ತೂಕದ ಬೇರೆ ಕಲ್ಲು ಹುಡುಕಿ ಕೂರಿಸಿದ್ದಾರೆ. ಅಣ್ಣ ನಿನ್ನೇನೇ ಪರೀಕ್ಷೆ ಮಾಡಿದ್ದಾನೆ. ಅದು ಜಿರ್ಕಾನೇ ಅಲ್ಲ."

"ಹೌದಾ ಯಜಮಾನ್ರೇ?"

"ಹೌದು ಅತ್ತೆ." ಯಜಮಾನರು ಹರಳಿನ ಕಡೆ ಬೆರಳು ತೋರಿಸಿದರು. "ಜಿರ್ಕಾನ್ ಒಳಗೆ ನೋಡಿದ್ರೆ ಹಿಂಬದಿ ಅಂಚುಗಳು ಒಂದೊಂದೂ ಎರಡೆರಡಾಗಿ ಕಾಣ್ಬೇಕು. ಇದೇ ಮೇಜಿನ ಹತ್ರ ಮೇಸ್ತ್ರಿನೇ ಕಲಿಸಿದ್ದು ನನಗೆ. ಇದರಲ್ಲಿ ಒಂದೇ ಕಾಣ್ತಿದೆ."

"ಹೇಗೆ ಹಿಡಿದು ನೋಡಿದ್ರಿ?"

"ಹೇಗೆ ಅಂದ್ರೆ? ನೇರವಾಗಿ. ಎದುರಿಗೆ ಹಿಡಿದು."

ಕಲ್ಲತ್ತೆಯ ತುಟಿಯ ಕೊನೆ ಸ್ವಲ್ಪ ಮೇಲೆದ್ದಿತು. ಭೂತಗನ್ನಡಿಯನ್ನು ದಾರದ ಸಮೇತ ಕೊರಳಿಂದ ತೆಗೆದು ಯಜಮಾನರ ಕೈಗಿತ್ತರು. "ಈಗ ಹರಳನ್ನ ಸ್ವಲ್ಪ ವಾಲಿಸಿ. ಮಗು ತಲೆ ಬಾಚೋವಾಗ ಪಕ್ಕಕ್ಕೆ ತಿರುಗಿಸ್ತೀವಲ್ಲ, ಅಷ್ಟು."

ಯಜಮಾನರು ವಾಲಿಸಿದರು.

"ಎರಡಾಯ್ತು," ಎಂದರು ಪಿಸುದನಿಯಲ್ಲಿ. "ಒಂದೊಂದು ಗೆರೆಯೂ ಎರಡಾಯ್ತು."

"ಜಾಣ ಕೆಲಸಗಾರ ಜಿರ್ಕಾನ್ ಕತ್ತರಿಸೋವಾಗ ಎದುರಿನಿಂದ ಆ ಎರಡು ಗೆರೆ ಕಾಣದ ಹಾಗೆ ದಿಕ್ಕು ನೋಡಿ ಕತ್ತರಿಸ್ತಾನೆ. ಇಲ್ಲದಿದ್ರೆ ಹರಳು ಮಂಜು ಮಂಜಾಗಿ ಕಾಣುತ್ತೆ. ಪಾಠ ಪೂರ್ತಿ ಕೇಳದೆ ಎದ್ದು ಹೋಗಿದ್ರಿ ಅಂತ ಕಾಣುತ್ತೆ."

"ಕ್ರಿಕೆಟ್ ಆಡೋಕೆ ಓಡ್ತಿದ್ರು," ಎಂದರು ಮೇಸ್ತ್ರಿ. ಬೆಳಿಗ್ಗೆಯಿಂದ ಅವರ ಬಾಯಿಂದ ಬಂದ ಮೊದಲ ಮಾತು ಅದು. ಹೇಳಿದ ಮೇಲೆ ಹೇಳಬಾರದಿತ್ತೇನೋ ಎಂಬಂತೆ ತಲೆ ತಗ್ಗಿಸಿದರು.

ಕಾರ್ಡಿನಲ್ಲಿ ಇನ್ನೊಂದು ಸಾಲಿತ್ತು: 'ಒಳಗೆ ಅಂಚಿನ ಹತ್ತಿರ, ಕತ್ತರಿಸಿದ ಉಗುರಿನಂಥ ಗೀರು.' ಕಲ್ಲತ್ತೆ ಹುಡುಕಿದರು. ಗೀರು ಇದ್ದಲ್ಲೇ ಇತ್ತು.

"ಹರಳು ಬದಲಾಗಿಲ್ಲ," ಎಂದರು ಅವರು. "ಇದು ಮೇಡಂ ಕೊಟ್ಟ ಹರಳೇ."

ಯಜಮಾನರು ಕಾರ್ಡನ್ನು ಕೈಗೆತ್ತಿಕೊಂಡು ಆ ಸಾಲನ್ನು ಮತ್ತೊಮ್ಮೆ ಓದಿದರು.

"ಹಾಗಾದ್ರೆ ಬಣ್ಣ?" ತಮ್ಮ ಪಟ್ಟು ಬಿಡಲಿಲ್ಲ. "ನೀಲಿ ಕಲ್ಲು ತಾನಾಗೇ ಕಂದು ಆಗುತ್ತಾ? ಯಾರ ಕಿವಿಗೆ ಹೂ ಇಡ್ತಿದೀರಿ?"

"ನಿಮ್ಮನೆಯಲ್ಲಿ ಬಟ್ಟೆ ಒಣಗಿಸೋರು ಯಾರು?"

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ಬಣ್ಣದ ಬಟ್ಟೆನ ಒಳಮಗ್ಗುಲು ಹೊರಗೆ ಮಾಡಿ ಹರವೋದು ಯಾಕೆ ಅಂತ ಅವರನ್ನ ಕೇಳು. ಈ ನೀಲಿ ಹರಳುಗಳು ನೆಲದಿಂದ ಬರೋವಾಗ ಕಂದು ಬಣ್ಣದಲ್ಲೇ ಬರ್ತವೆ. ಕುಲುಮೆಯಲ್ಲಿ ಕಾಯಿಸಿದ ಮೇಲೆ ನೀಲಿ ಆಗೋದು. ಎಲ್ಲ ಅಲ್ಲ, ಅದರಲ್ಲಿ ಕೆಲವು, ಬಹಳ ದಿನ ಬಿಸಿಲು ತಿಂದ್ರೆ ತವರಿನ ಬಣ್ಣ ನೆನಪಿಸ್ಕೊಳ್ತವೆ. ನಿಮ್ಮ ಕಿಟಕಿ ಯಾವ ದಿಕ್ಕಿಗಿದೆ?"

"ಪೂರ್ವಕ್ಕೆ," ಎಂದರು ಯಜಮಾನರು. "ಮಧ್ಯಾಹ್ನದವರೆಗೂ ಬಿಸಿಲು."

"ಎಷ್ಟು ದಿನ ಇತ್ತು?"

ಯಜಮಾನರು ಫೋನಿನಲ್ಲಿ ಹೇಳಿದ್ದನ್ನು ಬರೆದಿಟ್ಟುಕೊಂಡಿದ್ದ ಸೊಸೆ ನೋಟ್‌ಬುಕ್ ನೋಡಿ ಓದಿದಳು. "ಶುಕ್ರವಾರ ಮೇಸ್ತ್ರಿ ಎರಡೂ ಓಲೆ ಮುಗಿಸಿ ಕೊಟ್ರು. ಶನಿವಾರ, ಭಾನುವಾರ ಮೇಡಂ ಮನೆಯಲ್ಲಿತ್ತು. ಸೋಮವಾರ ಕಿಟಕಿಗೆ ಬಂತು. ನಿನ್ನೆಗೆ ತೊಂಬತ್ತೊಂದು ದಿನ. ಕಿಟಕಿಯ ಬೀಗದ ಕೈ ಚಿಕ್ಕ ಯಜಮಾನರ ಹತ್ರ ಮಾತ್ರ."

"ಅತ್ತೆ, ಈ ಕಥೆಗೆ ಸಾಕ್ಷಿ?" ಎಂದ ತಮ್ಮ. ಆದರೆ ಈಗ ದನಿಯ ಚೂಪು ಅರ್ಧಕ್ಕೆ ಇಳಿದಿತ್ತು.

ಕಲ್ಲತ್ತೆ ತಲೆಯೆತ್ತಿ ಮೇಜಿನ ಮೇಲೆ ನೇತಾಡುತ್ತಿದ್ದ ಬಲ್ಬನ್ನು ನೋಡಿದರು. ಒಳಗೆ ತಂತಿ ಕೆಂಪಗೆ ಕಾದು ಉರಿಯುವ ಹಳೇ ಕಾಲದ ಹಳದಿ ಬಲ್ಬು. ಅಂಗಡಿಯಲ್ಲೆಲ್ಲ ಹೊಸ ಬಿಳಿ ದೀಪಗಳು ಬಂದು ಹತ್ತು ವರ್ಷವಾದರೂ ಮೇಸ್ತ್ರಿ ಇದೊಂದನ್ನು ಬಿಟ್ಟುಕೊಟ್ಟಿರಲಿಲ್ಲ. 'ಮೇಸ್ತ್ರಿಯ ಅಜ್ಜಿ' ಎಂದು ಎಲ್ಲರೂ ಅದನ್ನು ಆಡಿಕೊಳ್ಳುತ್ತಿದ್ದರು.

"ನಿಮ್ಮ ಅಜ್ಜಿನ ಸ್ವಲ್ಪ ಕೆಳಗಿಳಿಸಿ ಮೇಸ್ತ್ರಿ. ಹರಳಿಗೆ ನಾಲ್ಕು ಬೆರಳು ಹತ್ತಿರಕ್ಕೆ ಬರ್ಲಿ."

"ಏನಾಗುತ್ತೆ ಅಮ್ಮ?"

"ಬಿಸಿಲು ಕೆಡಿಸಿದ್ದನ್ನ ಇಂಥ ದೀಪದ ಬೆಳಕು, ಕಾವು ಎರಡೂ ಸೇರಿ ಸರಿಮಾಡುತ್ತೆ. ಎಲ್ಲ ಸಲ ಅಲ್ಲ. ಒಂದು ಗಂಟೆ ಹಿಡೀಬಹುದು. ಆಗ್ಲಿಲ್ಲ ಅಂದ್ರೆ..." ಕಲ್ಲತ್ತೆ ಗಡಿಯಾರದ ಕಡೆ ನೋಡಿದರು. "ಆಗುತ್ತೆ ಬಿಡಿ. ಚಹಾ ಇದೆಯಾ ಅಂಗಡೀಲಿ?"

ಬಲ್ಬು ಇಳಿಯಿತು. ಹರಳು ಅದರ ಕೆಳಗೆ ಬಿಳಿ ಬಟ್ಟಲಲ್ಲಿ ಕೂತಿತು. ಉಕ್ಕುವ ಹಾಲನ್ನು ಕಾಯುವವರಂತೆ ಉಳಿದ ಐದೂ ಜನ ಅದರ ಸುತ್ತ ನೆರೆದರು.

"ನೀವು ಹೀಗೆ ಗುರಾಯಿಸಿದ್ರೆ ಅದಕ್ಕೆ ನಾಚಿಕೆ ಆಗುತ್ತೆ," ಎಂದರು ಕಲ್ಲತ್ತೆ. "ಚಹಾ ಕುಡೀರಿ."

ಲೈಬ್ರರಿ ಮೇಡಂ ಮಾತ್ರ ಬಟ್ಟಲಿನಿಂದ ಕಣ್ಣು ಕೀಳಲಿಲ್ಲ. ಅವರ ಪೆಟ್ಟಿಗೆಯಲ್ಲಿ ಇನ್ನೂ ಹತ್ತಾರು ಹರಳುಗಳು ಒಂದೊಂದೂ ಪ್ರತ್ಯೇಕ ಮೆತ್ತನೆಯ ಕಾಗದದಲ್ಲಿ ಸುತ್ತಿಕೊಂಡು ಮಲಗಿದ್ದವು.

"ಇದೇನು ಮೇಡಂ, ಒಂದೊಂದಕ್ಕೂ ಬೇರೆ ಹಾಸಿಗೆ?" ಎಂದಳು ಸೊಸೆ.

"ಜಿರ್ಕಾನ್ ಗಟ್ಟಿಯಾಗಿ ಕಾಣುತ್ತೆ ಅಷ್ಟೇ ಕಣಮ್ಮ. ಒಂದೇ ಕಾಗದದಲ್ಲಿ ಎರಡಿಟ್ರೆ ಒಂದರ ಅಂಚನ್ನ ಇನ್ನೊಂದು ತಿಂದುಬಿಡುತ್ತೆ." ಮೇಡಂ ಮುಖ ಅರಳಿತು. ಹರಳಿನ ಮಾತು ಬಂದರೆ ಅವರು ಹತ್ತು ವರ್ಷ ಚಿಕ್ಕವರಾಗುತ್ತಿದ್ದರು. "ಜಗಳ ಆಡೋ ಅಕ್ಕತಂಗಿಯರ ಹಾಗೆ."

"ನಾನು ಜಿರ್ಕಾನ್ ಅಂದ್ರೆ ಆ ಕಾರ್ಖಾನೆಯಲ್ಲಿ ಮಾಡೋ ಪಳಪಳ ಹರಳು ಅಂದ್ಕೊಂಡಿದ್ದೆ."

"ಅಯ್ಯೋ, ಹೆಸರಲ್ಲಿ ಮಾತ್ರ ನೆಂಟಸ್ತಿಕೆ! ಅದು ಮೊನ್ನೆ ಹುಟ್ಟಿದ್ದು. ಇದು ನೆಲದೊಳಗೆ ಹುಟ್ಟಿದ್ದು. ಈ ಭೂಮಿ ಮೇಲೆ ಸಿಕ್ಕಿರೋ ಎಲ್ಲಕ್ಕಿಂತ ಹಳೇ ಚೂರು ಇದೇ ಜಾತಿದು, ಗೊತ್ತಾ? ಬೆಟ್ಟ ಕರಗಿ ಮಣ್ಣಾದ್ರೂ ಇದು ಉಳ್ಕೊಳ್ಳುತ್ತೆ."

"ಅಷ್ಟೆಲ್ಲ ತಡ್ಕೊಂಡು ಬಂದು ನಮ್ಮ ಕಿಟಕಿ ಬಿಸಿಲಿಗೆ ಸೋತುಹೋಯ್ತಲ್ಲ," ಎಂದರು ಯಜಮಾನರು. ಅವರ ಮುಖದಲ್ಲಿ ಮೊದಲ ಬಾರಿಗೆ ನಗೆಯ ಎಳೆ ಮೂಡಿತು.

ಮೇಸ್ತ್ರಿ ಚಹಾದ ಲೋಟ ಹಿಡಿದು ಇನ್ನೂ ನಿಂತೇ ಇದ್ದರು. ಕಲ್ಲತ್ತೆ ಅವರನ್ನು ಮಾತಿಗೆಳೆದರು. "ನಿಮ್ಮ ಕೈಯಲ್ಲಿ ಕಲಿತವರು ಎಷ್ಟು ಜನ ಮೇಸ್ತ್ರಿ?"

"ಹಲ್ಲು ಮಡಚೋ ಕೆಲಸ ಮೂವರಿಗೆ ಹೇಳ್ಕೊಟ್ಟಿದೀನಿ ಅಮ್ಮ. ಮೂವರೂ ಇಲ್ಲೇ ಇದ್ದಾರೆ." ಮೇಸ್ತ್ರಿ ಸಂಕೋಚದಿಂದ ನಕ್ಕರು. "ದೊಡ್ಡ ಯಜಮಾನ್ರು, ಕ್ರಿಕೆಟ್ ನಡುವೆ. ಚಿಕ್ಕ ಯಜಮಾನ್ರು ಆರು ತಿಂಗಳು ಕೂತ್ರು, ಬೆರಳಿಗೆ ಇಕ್ಕಳ ಚುಚ್ಚಿತು, ಎದ್ರು. ಮೇಡಂ ಎರಡು ವರ್ಷ ಪ್ರತಿ ಭಾನುವಾರ ಬಂದ್ರು. ಮೂವರಲ್ಲಿ ಅವರದೇ ಕೈ."

"ಸುಮ್ನಿರಿ ಮೇಸ್ತ್ರಿ," ಎಂದರು ಮೇಡಂ. ಆದರೆ ಕಿವಿಯ ತುದಿ ಕೆಂಪಾಯಿತು.

"ಏನು ಕಲಿಸ್ತೀರಿ ಮೊದಲು?"

"ಹಲ್ಲಿನ ತುದಿನ ಮೂರು ಸಲ ತಿಕ್ಕಿ ದುಂಡಗೆ ಮಾಡೋದು. ಎರಡಾದ್ರೆ ಬಟ್ಟೆಗೆ ಸಿಕ್ಕಿಹಾಕ್ಕೊಳ್ಳುತ್ತೆ, ನಾಲ್ಕಾದ್ರೆ ಸವೆದುಹೋಗುತ್ತೆ. ನನ್ನ ಅಪ್ಪ ಕಲಿಸಿದ್ದು. ಬೇರೆ ಯಾರೂ ಹಾಗೆ ಮಾಡಲ್ಲ."

ಅಷ್ಟರಲ್ಲಿ ಸೊಸೆ ಕೈಯೆತ್ತಿದಳು, ಶಾಲೆಯ ಮಕ್ಕಳ ಹಾಗೆ. "ಅತ್ತೆ. ಬಟ್ಟಲು ನೋಡಿ."

ಚಹಾದ ಬಣ್ಣ ತೆಳುವಾಗಿತ್ತು. ಕಂದು ಕಂದಾಗಿ ಉಳಿದಿರಲಿಲ್ಲ, ನೀಲಿ ಇನ್ನೂ ಬಂದಿರಲಿಲ್ಲ. ನಡುವೆ ಎಲ್ಲೋ, ಮೋಡ ಸರಿಯುವ ಮೊದಲಿನ ಆಕಾಶದ ಹಾಗೆ ಬೂದು. ಚಹಾ ಲೋಟಗಳಲ್ಲೇ ಆರಿತು. ಗಡಿಯಾರ ಹನ್ನೆರಡೂಕಾಲು ತೋರಿಸುವಾಗ ಬಟ್ಟಲಿನ ತಳದಲ್ಲಿ ನೀಲಿಯೊಂದು ನಿಧಾನವಾಗಿ ಕಣ್ಣು ಬಿಟ್ಟಿತು.

ಕಲ್ಲತ್ತೆ ಬಲ್ಬನ್ನು ಪಕ್ಕಕ್ಕೆ ಸರಿಸಿದರು. ಹರಳನ್ನು ಇಕ್ಕಳದಲ್ಲಿ ಎತ್ತಿ ತಿರುಗಿಸಿದರು. ಕಿಡಿಗಳು ಗೋಡೆಗೆ ಹಾರಿದವು.

"ಮೊದಲಿನಷ್ಟೇ ಅಂತ ಹೇಳಲ್ಲ. ಆದ್ರೆ ಮೊದಲಿನದೇ. ಇನ್ನು ಕಿಟಕಿಗೆ ಇಡಬೇಡಿ, ಅಷ್ಟೇ."

ಮೇಸ್ತ್ರಿ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಇಪ್ಪತ್ತೊಂಬತ್ತು ವರ್ಷ ಎದೆಯ ಮೇಲೆ ಯಾವತ್ತೂ ಇಲ್ಲದಿದ್ದ ಭಾರ ನಿನ್ನೆ ಸಂಜೆ ಬಂದು ಕೂತಿತ್ತು. ಅದು ಇಳಿಯುವುದು ಮುಖದಲ್ಲೇ ಕಾಣಿಸಿತು.

ತಮ್ಮ ಜೇಬಿನಿಂದ ಪತ್ರ ತೆಗೆದು ನಾಲ್ಕು ಚೂರು ಮಾಡಿದ. ಮೇಜಿನ ಮೇಲಿನ ಸ್ಟೂಲನ್ನು ಇಳಿಸಿ, ತನ್ನದೇ ಕರವಸ್ತ್ರದಿಂದ ಒರೆಸಿ ನೆಟ್ಟಗೆ ಇಟ್ಟ.

"ಮೇಸ್ತ್ರಿ, ನನ್ನಿಂದ ತಪ್ಪಾಯ್ತು. ಕೂತ್ಕೊಳ್ಳಿ."

"ಕಾಲಿನ ಸಂದೀನೂ ಒರೆಸು," ಎಂದರು ಕಲ್ಲತ್ತೆ. "ಮಾತು ಕೊಟ್ಟಿದೀಯ."

ಎಲ್ಲರೂ ನಕ್ಕರು. ತಮ್ಮ ನಿಜಕ್ಕೂ ಬಗ್ಗಿ ಒರೆಸಿದ. ಯಜಮಾನರು ಮೇಸ್ತ್ರಿಯ ಎರಡೂ ಕೈ ಹಿಡಿದುಕೊಂಡರು. ಮೇಸ್ತ್ರಿ ಸ್ಟೂಲಿನ ಮೇಲೆ ಕೂತು ಬಲ್ಬನ್ನು ತನ್ನ ಅಳತೆಗೆ ಏರಿಸಿಕೊಂಡರು. ಕೋಣೆಗೆ ತನ್ನ ಹಳೇ ಆಕಾರ ಮರಳಿ ಬಂತು. ಕಲ್ಲತ್ತೆಗೆ ಹೊಟ್ಟೆ ತಣ್ಣಗಾಯಿತು. ಮನೆಗೆ ಹೋಗಿ ಅಡುಗೆ ಬಿಸಿ ಮಾಡಿದರಾಯಿತು, ಟೊಪ್ಪಿಯ ಕಿವಿ ಒಂದು ಬಾಕಿ ಇದೆ ಎಂದು ಲೆಕ್ಕ ಹಾಕುತ್ತ ಭೂತಗನ್ನಡಿಯ ದಾರ ಕೊರಳಿಗೆ ಹಾಕಿಕೊಂಡರು.

ಲೈಬ್ರರಿ ಮೇಡಂ ನೀಲಿ ಹರಳನ್ನು ಅಂಗೈಯಲ್ಲಿಟ್ಟುಕೊಂಡು ಅದರ ಮೇಲೆ ಇನ್ನೊಂದು ಕೈ ಮುಚ್ಚಿದ್ದರು.

"ಅತ್ತೆ," ಎಂದಳು ಸೊಸೆ, ನೋಟ್‌ಬುಕ್ಕಿನಿಂದ ತಲೆಯೆತ್ತದೆ. "ಒಂದು ಲೆಕ್ಕ ಸರಿಹೋಗ್ತಿಲ್ಲ."

"ಏನದು?"

"ಎರಡೂ ಹರಳು ಒಂದೇ ಕಲ್ಲಿನಿಂದ ಕತ್ತರಿಸಿದ್ದು ಅಂತ ಕಾರ್ಡಿನಲ್ಲಿದೆ. ಒಟ್ಟಿಗೇ ಕಾಯಿಸಿದ್ದು. ಒಂದೇ ಮೆತ್ತೆ ಮೇಲೆ ಪಕ್ಕಪಕ್ಕ ತೊಂಬತ್ತೊಂದು ದಿನ ಒಂದೇ ಬಿಸಿಲು. ಹಾಗಿದ್ದ ಮೇಲೆ ಇದರ ಜೊತೆದು ಯಾಕೆ ಕಂದು ಆಗ್ಲಿಲ್ಲ?"

ಕಲ್ಲತ್ತೆಯ ಕೈ ದಾರದ ಮೇಲೆಯೇ ನಿಂತಿತು.

"ಸಾಕು ಬಿಡಮ್ಮ," ಎಂದು ಮೇಡಂ ಎದ್ದರು. "ಹರಳು ಸಿಕ್ತು, ಮೇಸ್ತ್ರಿ ಹೆಸರು ಉಳೀತು. ಇನ್ನೊಂದು ಓಲೆ ಕೊಡಿ, ಹೊರಡ್ತೀನಿ."

"ಒಂದೇ ನಿಮಿಷ ಮೇಡಂ."

ಎರಡನೇ ಓಲೆ ಬೆಳಿಗ್ಗೆಯಿಂದ ಮೇಜಿನ ತುದಿಯಲ್ಲಿ ನೀಲಿಯಾಗಿ, ನಿಶ್ಚಿಂತೆಯಾಗಿ ಕೂತಿತ್ತು. ಯಾರೂ ಅದನ್ನು ಮುಟ್ಟಿರಲಿಲ್ಲ. ಬಣ್ಣ ಕೆಟ್ಟದ್ದನ್ನು ಎಲ್ಲರೂ ನೋಡಿದ್ದರು. ಚೆನ್ನಾಗಿದ್ದದ್ದನ್ನು ನೋಡುವ ಯೋಚನೆ ಅಂಗಡಿಯವರಿಗೂ ಬಂದಿರಲಿಲ್ಲ, ಕಲ್ಲತ್ತೆಗೂ ಬಂದಿರಲಿಲ್ಲ. ಇಷ್ಟು ವರ್ಷದ ಅನುಭವಕ್ಕೆ ಇದೊಂದು ಮರೆವು! ಕಲ್ಲತ್ತೆಗೆ ತನ್ನ ಮೇಲೆಯೇ ಸಿಟ್ಟು ಬಂತು.

ಮೇಡಂ ಕೈಯಿಂದ ಬಿಡಿ ಹರಳನ್ನು ತೆಗೆದುಕೊಂಡು, ತಕ್ಕಡಿಯ ಮೇಲೆ ಮೊದಲು ಅದನ್ನೂ ಖಾಲಿ ಕಟ್ಟನ್ನೂ ಒಟ್ಟಿಗೆ ಇಟ್ಟರು. ನಂತರ ಅವನ್ನು ತೆಗೆದು, ಹರಳನ್ನು ಮೇಡಂ ಕೈಗೆ ಮರಳಿಸಿ, ಎರಡನೇ ಓಲೆ ಇಟ್ಟರು. ಒಂದೇ ಅಳತೆಯ ಕಟ್ಟು, ಒಂದೇ ಗಾತ್ರದ ಹರಳು. ಮುಳ್ಳು ಒಂದೇ ಕಡೆ ನಿಲ್ಲಬೇಕಿತ್ತು.

"ಒಂದೂವರೆ ಕ್ಯಾರಟ್ ಕಡಿಮೆ," ಎಂದರು ಯಜಮಾನರು. ಅವರ ದನಿ ಬತ್ತಿತ್ತು.

ಕಲ್ಲತ್ತೆ ಓಲೆಯನ್ನು ಕಣ್ಣಿಗೆ ಹಿಡಿದರು. ನೇರ ನೋಡಿದರು. ವಾಲಿಸಿದರು. ಇನ್ನಷ್ಟು ವಾಲಿಸಿದರು. ಎಡಕ್ಕೆ, ಬಲಕ್ಕೆ, ಓರೆಗೆ. ಹಿಂಬದಿಯ ಗೆರೆಗಳು ಹಟ ಹಿಡಿದಂತೆ ಒಂದೊಂದಾಗಿಯೇ ಉಳಿದವು.

"ಇದು ಜಿರ್ಕಾನ್ ಅಲ್ಲ. ಯಾವುದೋ ಅಗ್ಗದ ನೀಲಿ ಹರಳು. ಕಳ್ಳತನ ಆಗಿರೋದು ನಿಜ. ನಾವು ತಪ್ಪು ಓಲೆ ನೋಡ್ತಿದ್ವಿ."

"ಅಂದ್ರೆ..." ಎಂದರು ಯಜಮಾನರು.

"ಇದನ್ನ ಕೂರಿಸಿದವರಿಗೆ ಅಸಲಿ ಹರಳು ಬಿಸಿಲಿಗೆ ಬಣ್ಣ ಬಿಡುತ್ತೆ ಅಂತ ಗೊತ್ತಿರ್ಲಿಲ್ಲ. ಜೊತೆದು ನೀಲಿಯಾಗಿ ಇದ್ದಾಗಲೇ ಬದಲಾಯಿಸಿದ್ದಾರೆ. ಕಿಟಕಿಗೆ ಬರೋ ಮುಂಚೆ, ಇಲ್ಲ ಬಂದ ಹೊಸತರಲ್ಲೇ." ಕಲ್ಲತ್ತೆ ತಮ್ಮನ ಕಡೆ ತಿರುಗಿದರು. "ಕಿಟಕಿಯ ಬೀಗದ ಕೈ ಯಾವತ್ತಾದ್ರೂ ಬೇರೆಯವರಿಗೆ ಕೊಟ್ಟಿದ್ಯಾ?"

ತಮ್ಮನ ಮುಖದ ರಕ್ತವೆಲ್ಲ ಇಳಿಯಿತು. "ಇಲ್ಲ. ಅತ್ತೆ, ನನ್ನ ಮೇಲೆ..."

"ಬೆಳಿಗ್ಗೆ ಎಲ್ಲರಿಗಿಂತ ಜೋರಾಗಿ ಬೆರಳು ತೋರಿಸಿದ್ದು ನೀನು."

"ಅದಕ್ಕೇ ನಾನು ಕಳ್ಳ ಅಂತೀರಾ? ಆರು ತಿಂಗಳು ಕೂತರೂ ನನಗೆ ಒಂದು ಹಲ್ಲು ಸರಿಯಾಗಿ ಮಡಚೋಕೆ ಬರಲ್ಲ! ಮೇಸ್ತ್ರಿನ ಕೇಳಿ! ಮೇಸ್ತ್ರಿ, ಹೇಳಿ ಸ್ವಲ್ಪ!" ಅವನ ದನಿ ಒಡೆಯಿತು. ಬೆಳಿಗ್ಗೆ ಯಾರ ಸ್ಟೂಲನ್ನು ಬೋರಲು ಹಾಕಿ ಬೀಗುತ್ತಿದ್ದನೋ ಅವರ ಮುಂದೆಯೇ ಈಗ ಅಂಗಲಾಚುತ್ತಿದ್ದ.

ಮೇಸ್ತ್ರಿ ಕೈ ಚಾಚಿದರು. ಕಲ್ಲತ್ತೆ ಓಲೆಯನ್ನೂ ಭೂತಗನ್ನಡಿಯನ್ನೂ ಕೊಟ್ಟರು.

ಅವರು ಹಳದಿ ಬಲ್ಬಿನ ಕೆಳಗೆ ಬಗ್ಗಿದರು. ತುಂಬ ಹೊತ್ತು ನೋಡಿದರು. ಇಷ್ಟು ಹೊತ್ತು ಅವರ ಮುಖದಲ್ಲಿದ್ದ ನೆಮ್ಮದಿ ದೀಪದ ಬತ್ತಿ ಇಳಿಸಿದಂತೆ ಇಳಿಯುತ್ತ ಹೋಯಿತು.

"ಏನು ಕಾಣ್ತಿದೆ ಮೇಸ್ತ್ರಿ?"

ಕಲ್ಲತ್ತೆ ಪಕ್ಕದಿಂದ ತಾವೂ ಬಗ್ಗಿದರು. ನಾಲ್ಕು ಹಲ್ಲುಗಳಲ್ಲಿ ಎರಡು ಎಡಕ್ಕೆ ಮಲಗಿದ್ದವು. ಉಳಿದೆರಡು ಬಲಕ್ಕೆ. ಹರಳು ತೆಗೆಯಲು ಎರಡೇ ಹಲ್ಲು ಎತ್ತಿದರೆ ಸಾಕು. ಎಡಚರಾದ ಮೇಸ್ತ್ರಿ ಮಡಚಿದ ಹಲ್ಲು ಎಡಕ್ಕೆ ವಾಲುತ್ತವೆ; ಈ ಎರಡನ್ನು ಎತ್ತಿ ಮತ್ತೆ ಮಡಚಿದವರು ಬಲಗೈಯವರು. ಆ ಎರಡು ಹಲ್ಲುಗಳ ತುದಿ ದುಂಡಗೆ, ಹದವಾಗಿ, ಲೆಕ್ಕ ಹಾಕಿ ಮೂರೇ ಸಲ ತಿಕ್ಕಿದ್ದವು.

"ನಿಮ್ಮ ಪಾಠ," ಎಂದರು ಕಲ್ಲತ್ತೆ ಮೆಲ್ಲಗೆ. "ಯಾರ ಕೈ ಇದು?"

ಮೇಸ್ತ್ರಿ ಓಲೆಯನ್ನು ಕಾಗದದ ಮೇಲಿಟ್ಟರು. ತಲೆಯೆತ್ತಿದರು. ಒಂದು ಕ್ಷಣ, ಒಂದೇ ಕ್ಷಣ, ಅವರ ನೋಟ ಕೋಣೆಯ ಇನ್ನೊಂದು ಬದಿಗೆ ಹೋಗಿ ಬಂತು. ಕಲ್ಲತ್ತೆ ಆಗ ಇನ್ನೂ ಓಲೆಯ ಮೇಲೆ ಬಗ್ಗಿದ್ದರು.

"ನಂದೇ," ಎಂದರು ಮೇಸ್ತ್ರಿ.

"ಏನಂದ್ರಿ?"

"ನಾನೇ ಮಾಡಿದ್ದು ಅಮ್ಮ. ಚಿಕ್ಕ ಯಜಮಾನ್ರದು ತಪ್ಪಿಲ್ಲ. ಇನ್ಯಾರದೂ ತಪ್ಪಿಲ್ಲ."

ಅವರು ಎದ್ದರು. ಯಜಮಾನರ ತಮ್ಮ ಈಗಷ್ಟೇ ಒರೆಸಿಟ್ಟಿದ್ದ ಸ್ಟೂಲನ್ನು ಎಡಗೈಯಲ್ಲಿ ಎತ್ತಿ, ಕಾಲು ಮೇಲಾಗುವಂತೆ, ಸದ್ದಾಗದ ಹಾಗೆ ಮೇಜಿನ ಮೇಲೆ ಬೋರಲು ಇಟ್ಟರು.

ತಮ್ಮ ಒಮ್ಮೆ ಮೇಸ್ತ್ರಿಯನ್ನೂ ಒಮ್ಮೆ ಕಲ್ಲತ್ತೆಯನ್ನೂ ನೋಡಿದ. "ಸುಳ್ಳು," ಎಂದ ಅವನೇ. "ಅವರು ಎಡಚರು."

ಸೊಸೆ ನೋಟ್‌ಬುಕ್ಕನ್ನು ಅತ್ತೆಯ ಮೊಣಕೈ ಹತ್ತಿರ ಸರಿಸಿದಳು. ಬಿಸ್ಕತ್ತಿನ ಪುಡಿಯ ನಡುವೆ ಒಂದೇ ಸಾಲು ಬರೆದಿತ್ತು: 'ನಂದೇ ಅನ್ನೋ ಮುಂಚೆ ಮೇಸ್ತ್ರಿ ಲೈಬ್ರರಿ ಮೇಡಂ ಮುಖ ನೋಡಿದ್ರು.'

ಶನಿವಾರ, ಭಾನುವಾರ ಓಲೆಗಳು ಇದ್ದದ್ದು ಮೇಡಂ ಮನೆಯಲ್ಲಿ. ಕಲ್ಲತ್ತೆ ನಿಧಾನವಾಗಿ ತಿರುಗಿದರು.

ಲೈಬ್ರರಿ ಮೇಡಂ ಬಾಗಿಲವರೆಗೂ ಹೋದವರು ಅಲ್ಲೇ ನಿಂತಿದ್ದರು. ಮಾರದೆ ಉಳಿಸಿಕೊಂಡಿದ್ದ ಒಂದೇ ಹರಳು ಅವರ ಬಲಗೈಯ ಮುಷ್ಟಿಯೊಳಗಿತ್ತು. ಗೆಣ್ಣುಗಳು ಬೆಳ್ಳಗಾಗಿದ್ದವು. ಅವರು ಕಲ್ಲತ್ತೆಯನ್ನಾಗಲಿ ಯಜಮಾನರನ್ನಾಗಲಿ ನೋಡುತ್ತಿರಲಿಲ್ಲ. ಅವರ ಕಣ್ಣು ಮೇಜಿನ ಮೇಲಿನ ಮೂರು ಕಾಲುಗಳ ಮೇಲೆ ನೆಟ್ಟಿತ್ತು.

"ಮೇಸ್ತ್ರಿ," ಎಂದರು ಅವರು. ದನಿ ಗ್ರಂಥಾಲಯದಲ್ಲಿ ಮಾತಾಡಿದಷ್ಟೇ ಸಣ್ಣದಾಗಿತ್ತು. "ಆ ಸ್ಟೂಲನ್ನ ನೆಟ್ಟಗೆ ಇಡಿ."

ಮೇಸ್ತ್ರಿ ಅಲ್ಲಾಡಲಿಲ್ಲ.